ಚಿತ್ರ ನೋಡಿ ಕೊಟ್ಟ ದಾನ

ನಮ್ಮ ಮನೆಗೆ ಹೂವು ತರುವ ಹೆಂಗಸೊಬ್ಬಳಿದ್ದಾಳೆ. ಇಪ್ಪತ್ತು ವರ್ಷಗಳಿಂದ ಆಕೆಯು ಬೆಳಗ್ಗೆ ಆರೂವರೆ ಗಂಟೆಗೆ ಬಾಗಿಲಿಗೆ ಬಂದು, ಮಲ್ಲಿಗೆಯ ಕಾಲದಲ್ಲಿ ಮಲ್ಲಿಗೆಯನ್ನೂ ಸೇವಂತಿಗೆಯ ಕಾಲದಲ್ಲಿ ಸೇವಂತಿಗೆಯನ್ನೂ ಮೊಳ ಹಾಕಿ ಕೊಟ್ಟು ಹೋಗುವಳು. ಐದು ವರ್ಷಗಳ ಹಿಂದೆ ಒಮ್ಮೆ ಎರಡು ವಾರ ಆಕೆ ಬರಲಿಲ್ಲ. ಮೊಮ್ಮಗನಿಗೆ ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿದ್ದು, ಆಗ ಮೂರು ವರ್ಷದವನಾಗಿದ್ದ ಆ ಹುಡುಗನಿಗೆ ಶಸ್ತ್ರಚಿಕಿತ್ಸೆ ಮಾಡಲೇಬೇಕೆಂದು ವೈದ್ಯರು ಹೇಳಿದ್ದರು. ಸರ್ಕಾರದ ಯೋಜನೆಗೆ ಬೇಕಾದ ಕಾಗದಪತ್ರಗಳು ಹೊಂದಲಿಲ್ಲ. ಸಾಲ ಹುಟ್ಟಲಿಲ್ಲ. ಅಷ್ಟರಲ್ಲಿ, ಇಂತಹ ರೋಗಿಗಳಿಗಾಗಿ ಸಾರ್ವಜನಿಕರಿಂದ ಹಣ ಕೂಡಿಸಿಕೊಡುವ ಒಂದು ಸಂಸ್ಥೆಯವರು ಆಸ್ಪತ್ರೆಯಲ್ಲಿಯೇ ಸಿಕ್ಕಿ, ಮಗುವಿನ ಚಿತ್ರವನ್ನೂ ತಾಯಿಯ ಚಿತ್ರವನ್ನೂ ತೆಗೆದುಕೊಂಡು ಹೋದರು. ಹನ್ನೊಂದು ದಿನಗಳಲ್ಲಿ ಹಣ ಕೂಡಿತು. ಮಗು ಬದುಕಿತು. ಈಗ ಎಂಟು ವರ್ಷದ ಹುಡುಗ, ಮೂರನೆಯ ತರಗತಿ, ಮಹಾ ತುಂಟ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾವು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಈ ವರ್ಷ ಶಾಲೆ ತೆರೆದ ಸ್ವಲ್ಪ ಕಾಲದಲ್ಲಿ, ಅವನ ಸಹಪಾಠಿಯೊಬ್ಬನ ಮನೆಯ ಮೊಬೈಲಿನಲ್ಲಿ ಆ ಹಳೆಯ ಚಿತ್ರವು ಹೇಗೋ ಮತ್ತೆ ತಲೆಯೆತ್ತಿತು. ಮೂಗಿನಲ್ಲಿ ನಳಿಕೆ, ಬರಿಯ ಎದೆಯ ಮೇಲೆ ತಂತಿಗಳು, ಪಕ್ಕದಲ್ಲಿ ಬಾಯಿ ತೆರೆದು ಅಳುತ್ತಿರುವ ತಾಯಿ, ಮೇಲೆ ದಪ್ಪ ಅಕ್ಷರಗಳಲ್ಲಿ ಈ ಮಗುವಿನ ಪ್ರಾಣವು ನಿಮ್ಮ ಕೈಯಲ್ಲಿದೆ ಎಂಬ ಒಕ್ಕಣೆ. ಮರುದಿನದಿಂದ ಹುಡುಗರು ಅವನಿಗೆ ‘ಹತ್ತು ರೂಪಾಯಿ’ ಎಂದು ಹೆಸರಿಟ್ಟರು. ಆಟದಲ್ಲಿ ಅವನು ಸೋತಾಗಲೆಲ್ಲ ಯಾವನಾದರೊಬ್ಬ ಕೈಚಾಚಿ, ಇವನಿಗೆ ಹತ್ತು ರೂಪಾಯಿ ಹಾಕಿರೆಂದು ಕೂಗುವನು. ಮಗು ಮನೆಗೆ ಬಂದು ಅಜ್ಜಿಯನ್ನು ಕೇಳಿದ ಪ್ರಶ್ನೆಗೆ ಆಕೆಯ ಬಳಿ ಉತ್ತರವಿರಲಿಲ್ಲ. ಅಂದು ಹೂವಿನ ಬುಟ್ಟಿಯನ್ನು ನಮ್ಮ ಜಗಲಿಯ ಮೇಲಿಟ್ಟು, ಆಕೆ ನಮ್ಮ ಮನೆಯಾಕೆಯೊಡನೆ ಆ ಚಿತ್ರ ತೆಗೆದ ದಿನದ ಸಂಗತಿಯನ್ನು ಹೇಳಿಕೊಂಡಳು.

“ಮೂರು ದಿನದಿಂದ ಅತ್ತೂ ಅತ್ತೂ ನನ್ ಸೊಸೆಗೆ ಕಣ್ಣೀರೇ ಬತ್ತೋಗಿತ್ತು ಅಮ್ಮಾವ್ರೆ. ಅವ್ರು ಬಂದು, ‘ಇನ್ನೊಂದ್ಸಲ ಅಳಮ್ಮ, ಈ ಕಡೆ ನೋಡ್ಕೊಂಡು ಅಳು’ ಅಂದ್ರು. ಬರ್ಲಿಲ್ಲ. ಆಮೇಲೆ ಮಗೀನ ಅಂಗಿ ತೆಗ್ಸಿ, ಇವಳ ಮುಂದೇನೇ ಮಲಗ್ಸಿದ್ರು. ಆಗ ಬಂತು.”

ಸೊಸೆಗೆ ಕೋಪ ಬರಲಿಲ್ಲವೆ ಎಂದು ಮನೆಯಾಕೆ ಕೇಳಿದಳು. “ಕೋಪ ಯಾಕ್ ಬರುತ್ತೆ? ದುಡ್ಡು ಬಂತಲ್ಲ. ಇವತ್ತು ಹೇಳಿದ್ರೂ ಅಳ್ತೀವಿ” ಎಂಬುದು ಆಕೆಯ ಉತ್ತರವಾಗಿತ್ತು. ಈ ಸಂಗತಿಯನ್ನು ಬರೆಯುವುದಕ್ಕೆ ನಾವು ಆಕೆಯ ಅಪ್ಪಣೆಯನ್ನು ಕೇಳಿದೆವು. ಬರೆಯಿರಿ, ಆದರೆ ಹುಡುಗನ ಹೆಸರಾಗಲಿ ಕೇರಿಯ ಹೆಸರಾಗಲಿ ಬೇಡ ಎಂದಳು.

ವಾಚಕರ ಮನೆಗಳಿಗೂ ಇಂತಹ ಚಿತ್ರಗಳು ಬಾರದ ದಿನವಿರಲಾರದು. ಊಟ ಮುಗಿಸಿ ಎಲೆಯಡಕೆಯ ತಟ್ಟೆಯ ಮುಂದೆ ಕುಳಿತು ಮೊಬೈಲನ್ನು ಕೈಗೆ ತೆಗೆದುಕೊಂಡರೆ, ನೆಂಟರ ಮನೆಯ ನಾಮಕರಣದ ಚಿತ್ರಕ್ಕೂ ಚಿನ್ನದ ಧಾರಣೆಗೂ ನಡುವೆ ಒಂದು ಮಗುವು ಪ್ರಾಣಸಂಕಟಪಡುತ್ತಿರುತ್ತದೆ. ಕೆಲವರು ಮನಕರಗಿ ಕೂಡಲೆ ಕೊಡುವರು. ಕೆಲವರು ಇದೆಲ್ಲವೂ ಮೋಸವೆಂದು ಹೇಳಿ ಪಾರಾಗುವರು. ಬಹುಮಂದಿ ಮುಖ ತಿರುಗಿಸಿ, ಆಮೇಲೆ ಏನೋ ಪಾಪ ಮಾಡಿದವರಂತೆ ಕಳವಳಗೊಳ್ಳುವರು. ಮೋಸದ ವಿಚಾರವು ಪೊಲೀಸರಿಗೆ ಸೇರಿದ್ದು. ಅದನ್ನು ನಾವಿಲ್ಲಿ ಎತ್ತಿಕೊಂಡಿಲ್ಲ. ನಿಜವಾದ ಕಷ್ಟಕ್ಕೆ, ಯೋಗ್ಯರಾದ ಜನರು, ಒಳ್ಳೆಯ ಉದ್ದೇಶದಿಂದಲೇ ತೆಗೆಯುವ ಚಿತ್ರದ ವಿಷಯ ನಮ್ಮದು. ಅದಕ್ಕೆ ಇಷ್ಟು ಬಲವೆಲ್ಲಿಂದ ಬಂದಿತು? ಆ ಬಲದ ಬೆಲೆಯನ್ನು ತೆರುವವರು ಯಾರು?

ಮೊದಲನೆಯ ಪ್ರಶ್ನೆಗೆ ವಿದ್ವಾಂಸರು ತಕ್ಕಮಟ್ಟಿಗೆ ಉತ್ತರ ಹೇಳಿದ್ದಾರೆ. ಅಮೆರಿಕದ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೋವಿಕ್ ಎಂಬ ಮೂವರು 2007ನೆಯ ಇಸವಿಯಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಪರೀಕ್ಷೆಗೆ ಬಂದವರಿಗೆ ಐದು ಡಾಲರುಗಳನ್ನು ಕೊಟ್ಟು, ಅದರಲ್ಲಿ ಇಷ್ಟವಿದ್ದಷ್ಟನ್ನು ಆಫ್ರಿಕದ ಹಸಿದವರಿಗಾಗಿ ಕೊಡಬಹುದೆಂದು ತಿಳಿಸಲಾಯಿತು. ಒಂದು ಗುಂಪಿಗೆ ಅಂಕಿಗಳನ್ನು ತೋರಿಸಿದರು: ಮಲಾವಿ ದೇಶದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಆಹಾರದ ಕೊರತೆ, ಇಥಿಯೋಪಿಯದಲ್ಲಿ ಒಂದು ಕೋಟಿ ಹತ್ತು ಲಕ್ಷ ಜನರಿಗೆ ಅನ್ನವಿಲ್ಲ, ಇತ್ಯಾದಿ. ಇನ್ನೊಂದು ಗುಂಪಿಗೆ ಮಾಲಿ ದೇಶದ ಏಳು ವರ್ಷದ ಒಬ್ಬಳೇ ಹುಡುಗಿಯ ಚಿತ್ರವನ್ನೂ ಹೆಸರನ್ನೂ ತೋರಿಸಿದರು. ಅಂಕಿಗಳನ್ನು ನೋಡಿದವರು ಸರಾಸರಿ 1.14 ಡಾಲರನ್ನು ಕೊಟ್ಟರು. ಹುಡುಗಿಯನ್ನು ನೋಡಿದವರು 2.38 ಡಾಲರನ್ನು ಕೊಟ್ಟರು. ಕೋಟಿ ಜನರ ಹಸಿವಿಗಿಂತ ಒಬ್ಬಳ ಹಸಿವು ಎರಡರಷ್ಟು ತೂಗಿತು.

ಇದಕ್ಕಿಂತಲೂ ನಮಗೆ ಆಶ್ಚರ್ಯ ತಂದುದು ಮೂರನೆಯ ಗುಂಪಿನ ಸಂಗತಿ. ಇವರಿಗೆ ಹುಡುಗಿಯ ಚಿತ್ರವನ್ನೂ ತೋರಿಸಿ, ಜೊತೆಗೆ ಅಂಕಿಗಳನ್ನೂ ಹೇಳಿದರು. ಎರಡೂ ಕೂಡಿದರೆ ದಾನವು ಇನ್ನೂ ಹೆಚ್ಚಬೇಕಲ್ಲವೆ? ಹಾಗಾಗಲಿಲ್ಲ, 1.43 ಡಾಲರಿಗೆ ಇಳಿಯಿತು. ಇಂತಹ ಮಕ್ಕಳು ಲಕ್ಷಗಟ್ಟಲೆ ಇದ್ದಾರೆಂದು ತಿಳಿದೊಡನೆಯೇ ಮನುಷ್ಯನ ಕೈ ಹಿಂದಕ್ಕೆ ಸರಿಯಿತು. ದಾನಕ್ಕೆ ಮೊದಲು ಕೆಲವರಿಗೆ ಲೆಕ್ಕ ಬಿಡಿಸಲು ಕೊಟ್ಟು ನೋಡಿದಾಗ, ಅವರು ಆ ಹುಡುಗಿಗೂ ಕಡಿಮೆ ಕೊಟ್ಟರು. ಜಮಾಖರ್ಚಿನ ಪುಸ್ತಕ ಬರೆಯುತ್ತ ಕುಳಿತಿರುವಾಗ ಯಾಚಕರು ಬಂದರೆ ಗೃಹಸ್ಥನು ಏಕೆ ಸಿಡುಕುವನೆಂಬುದಕ್ಕೆ ಇದು ಒಂದು ಸಮಾಧಾನವಾಗಬಹುದು. ಮುಂದೆ 2009ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ನಗುವ ಮಗುವಿನ ಚಿತ್ರಕ್ಕಿಂತಲೂ ಸುಮ್ಮನಿರುವ ಮಗುವಿನ ಚಿತ್ರಕ್ಕಿಂತಲೂ ಅಳುಮುಖದ ಚಿತ್ರಕ್ಕೆ ಹೆಚ್ಚು ಹಣ ಬಂದುದಾಗಿ ಕಂಡಿತು. ನೋಡಿದವನ ಮುಖದ ದುಃಖವು ನೋಡುವವನಿಗೆ ಅಂಟುತ್ತದೆಯಂತೆ. ‘ಇನ್ನೊಂದ್ಸಲ ಅಳಮ್ಮ’ ಎಂದವನು ಈ ಪ್ರಬಂಧವನ್ನು ಓದಿರಲಾರನು. ಓದದಿದ್ದರೂ ಅವನಿಗೆ ವಿಷಯ ತಿಳಿದಿತ್ತು.

ಇಲ್ಲಿ ನಮ್ಮ ಮನೆಯದೇ ಒಂದು ಸಂಗತಿಯನ್ನು ನಾಚಿಕೆಯಿಂದ ಹೇಳಬೇಕಾಗಿದೆ. ಬೆಂಗಳೂರಿನಲ್ಲಿರುವ ನಮ್ಮ ಸೊಸೆಯು ಐದು ವರ್ಷಗಳ ಹಿಂದೆ ಆ ಚಿತ್ರವನ್ನು ಕಂಡು, ಕಣ್ಣೊರಸಿಕೊಂಡು, ಐನೂರು ರೂಪಾಯಿಗಳನ್ನು ಕಳುಹಿಸಿದ್ದಳು. ಯಾರ ಮಗುವೆಂಬುದು ಅವಳಿಗೆ ಗೊತ್ತಿರಲಿಲ್ಲ. ಹಬ್ಬಕ್ಕೆ ಬಂದಾಗಲೆಲ್ಲ ಆ ಮಗುವಿನ ಅಜ್ಜಿಯ ಕೈಯಿಂದಲೇ ಹೂವು ತೆಗೆದುಕೊಂಡು, ಒಂದು ರೂಪಾಯಿಗೆ ಚೌಕಾಸಿ ಮಾಡಿದವಳು ಅವಳು. ಅವಳನ್ನು ಏಕೆ ಅನ್ನಬೇಕು? ಇಪ್ಪತ್ತು ವರ್ಷ ದಿನವೂ ಕಂಡ ನಾವಾದರೂ ಆಕೆಗೆ ಖಾಯಿಲೆಯ ಮೊಮ್ಮಗನಿದ್ದಾನೆಂಬುದನ್ನು ವಿಚಾರಿಸಿರಲಿಲ್ಲ. ಬಾಗಿಲಿನಲ್ಲಿ ನಿಂತಿದ್ದಾಗ ಕಾಣಿಸದ ದುಃಖವು ಅಂಗೈಯಗಲದ ಗಾಜಿನ ಮೇಲೆ ಕಂಡಿತು.

ಅಳಿಸಿ ಚಿತ್ರ ತೆಗೆಯುವ ಈ ಪದ್ಧತಿಯು ಮೊಬೈಲಿನೊಡನೆ ಹುಟ್ಟಿದುದೆಂದು ತಿಳಿಯುವುದು ತಪ್ಪು. ಛಾಯಾಚಿತ್ರದ ವಿದ್ಯೆಯು ಇನ್ನೂ ಎಳೆಯದಾಗಿದ್ದಾಗಲೇ ಇದು ಹುಟ್ಟಿತು. ಡಬ್ಲಿನ್ ನಗರದಲ್ಲಿ 1845ರಲ್ಲಿ ಹುಟ್ಟಿದ ಥಾಮಸ್ ಬರ್ನಾರ್ಡೋ ಎಂಬಾತನು ಲಂಡನ್ನಿಗೆ ಬಂದು, ಅಲ್ಲಿನ ಪೂರ್ವಭಾಗದ ಬೀದಿಗಳಲ್ಲಿ ಮಲಗುತ್ತಿದ್ದ ಅನಾಥ ಬಾಲಕರಿಗಾಗಿ 1870ರಲ್ಲಿ ಸ್ಟೆಪ್ನಿ ಎಂಬಲ್ಲಿ ಒಂದು ಆಶ್ರಯವನ್ನು ತೆರೆದನು. ಸಾವಿರಾರು ಮಕ್ಕಳು ಅವನಿಂದ ಬದುಕಿದರೆಂಬುದರಲ್ಲಿ ಸಂದೇಹವಿಲ್ಲ. ಹಣ ಕೂಡಿಸಲು ಅವನು ಹಿಡಿದ ಉಪಾಯವೇನೆಂದರೆ, ಒಂದೇ ಮಗುವಿನ ಎರಡು ಚಿತ್ರಗಳನ್ನು ಅಚ್ಚುಮಾಡಿಸಿ ಮಾರುವುದು. ಮೊದಲನೆಯದರಲ್ಲಿ ಚಿಂದಿಬಟ್ಟೆ, ಬರಿಗಾಲು, ಕೆದರಿದ ತಲೆ. ಎರಡನೆಯದರಲ್ಲಿ ಶುಭ್ರವಾದ ಉಡುಪು, ಬಾಚಿದ ತಲೆ, ಕೈಯಲ್ಲಿ ಕೆಲಸದ ಸಲಕರಣೆ. ಹಿಂದೆ ಹೀಗಿತ್ತು, ಈಗ ಹೀಗಾಯಿತು, ನಡುವೆ ಇರುವುದು ನಿಮ್ಮ ಹಣ. ಇದಕ್ಕಿಂತ ಸುಲಭವಾಗಿ ತಿಳಿಯುವ ಪಾಠವಿನ್ನಾವುದು?

ಆದರೆ 1877ರಲ್ಲಿ ಬರ್ನಾರ್ಡೋನ ಮೇಲೆ ಬಂದ ಹಲವು ಆರೋಪಗಳು ಪಂಚಾಯಿತಿಯ ಮುಂದೆ ವಿಚಾರಣೆಗೆ ಬಂದುವು. ಅವುಗಳಲ್ಲಿ ಈ ಚಿತ್ರಗಳ ವಿಷಯವೂ ಒಂದು. ಕೆಲವು ಜೋಡಿಚಿತ್ರಗಳನ್ನು ತಿಂಗಳುಗಟ್ಟಲೆ ಅಂತರದಿಂದ ತೆಗೆದುದಲ್ಲ, ಒಂದೇ ಕಾಲದಲ್ಲಿ ವೇಷ ಬದಲಾಯಿಸಿ ತೆಗೆದದ್ದೆಂದು ತಿಳಿದುಬಂದಿತು. ಬಟ್ಟೆಯನ್ನು ಬೇಕೆಂದೇ ಹರಿದರೆಂಬ ದೂರೂ ಇದ್ದಿತು. ಒಬ್ಬ ತಾಯಿಯಂತೂ, ತನ್ನ ಮಗಳು ಎಂದೂ ಬೀದಿಯಲ್ಲಿ ಪತ್ರಿಕೆ ಮಾರಿದವಳಲ್ಲ, ಅವಳಿಗೆ ಚಿಂದಿ ಉಡಿಸಿ, ಕೈಗೆ ಪತ್ರಿಕೆಗಳನ್ನು ಕೊಟ್ಟು, ಬರಿಗಾಲಿನಲ್ಲಿ ನಿಲ್ಲಿಸಿ ಚಿತ್ರ ತೆಗೆದಿದ್ದಾರೆಂದು ನೊಂದುಕೊಂಡಳು. ಬರ್ನಾರ್ಡೋ ಕೊಟ್ಟ ಸಮಾಧಾನವೇನು? ಈ ಚಿತ್ರವು ಆ ಒಬ್ಬ ಹುಡುಗಿಯದಲ್ಲ, ಅವಳಂತಹ ಎಲ್ಲ ಮಕ್ಕಳದು ಎಂದು. ಪಂಚಾಯಿತದಾರರು ಬಹುತೇಕ ಆರೋಪಗಳಿಂದ ಅವನನ್ನು ಬಿಡುಗಡೆ ಮಾಡಿದರು. ಈ ಚಿತ್ರಗಳನ್ನು ಮಾತ್ರ ಕಲೆಗಾರಿಕೆಯ ಕಟ್ಟುಕಥೆಯೆಂಬ ಅರ್ಥದಲ್ಲಿ ಆಕ್ಷೇಪಿಸಿದರು.

ಅವನ ಸಮಾಧಾನದಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಅಂತಹ ಮಕ್ಕಳು ನಿಜವಾಗಿಯೂ ಸಾವಿರಾರು ಇದ್ದರು. ಆದರೆ ಆ ತಾಯಿಯ ಕಣ್ಣಿಗೆ ಅದು ಸಾವಿರಾರು ಮಕ್ಕಳ ಚಿತ್ರವಾಗಿರಲಿಲ್ಲ; ತನ್ನ ಮಗಳ ಚಿತ್ರವಾಗಿತ್ತು. ನೆರೆಹೊರೆಯವರು ನೋಡುವ ಚಿತ್ರವಾಗಿತ್ತು.

ಲಂಡನ್ನಿನಲ್ಲಿ ಈ ವಿಚಾರಣೆ ನಡೆಯುತ್ತಿದ್ದ ವರ್ಷದಲ್ಲಿಯೇ ನಮ್ಮ ನಾಡಿನ ಒಂದು ಚಿತ್ರವೂ ಆ ನಗರಕ್ಕೆ ಹೋಯಿತು. ಧಾತು ಮತ್ತು ಈಶ್ವರ ಸಂವತ್ಸರಗಳ ಬರವೆಂದು ನಮ್ಮ ಹಿರಿಯರು ಹೇಳುತ್ತಿದ್ದುದು 1876ರಿಂದ 78ರವರೆಗಿನ ಆ ಘೋರ ಕ್ಷಾಮವನ್ನೇ. ಆಗ ಮೈಸೂರು ಸೀಮೆಯು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1871ರ ಖಾನೇಷುಮಾರಿಯಲ್ಲಿ ಐವತ್ತು ಲಕ್ಷಕ್ಕೆ ಮೇಲ್ಪಟ್ಟಿದ್ದ ಇಲ್ಲಿನ ಜನಸಂಖ್ಯೆಯು 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ಕಡಿಮೆಯಾಗಿತ್ತೆಂದರೆ ಉಳಿದುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಲಂಡನ್ನಿನ ಸಚಿತ್ರ ವಾರಪತ್ರಿಕೆಯಾದ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ 1877ನೆಯ ಅಕ್ಟೋಬರ್ 20ರ ಸಂಚಿಕೆಯಲ್ಲಿ, ಬೆಂಗಳೂರಿನಲ್ಲಿ ಗಂಜಿಗಾಗಿ ಕಾದಿರುವ ಜನರ ಚಿತ್ರವನ್ನು ಅಚ್ಚುಮಾಡಿತು. ಎಲುಬು ಎಣಿಸಬಹುದಾದ ದೇಹಗಳು, ಎದೆಗೆ ಅಂಟಿಕೊಂಡ ಕೂಸುಗಳು. ಕೆಲವರ ಮನೆಗಳಲ್ಲಿ ಇಂದಿಗೂ ಆ ಬರದ ಮಾತು ಅಜ್ಜಿಯರ ಬಾಯಿಂದ ಬಾಯಿಗೆ ಬಂದಿರುವುದುಂಟು; ಆದರೆ ನಮ್ಮ ಪೂರ್ವಿಕರ ಮುಖವನ್ನು ನೋಡಬೇಕಾದರೆ ಲಂಡನ್ನಿನ ಪತ್ರಿಕೆಯನ್ನು ತೆರೆಯಬೇಕು. ಅದರಲ್ಲಿ ಒಬ್ಬರ ಹೆಸರೂ ಇಲ್ಲ.

ಆ ಕ್ಷಾಮದ ಛಾಯಾಚಿತ್ರಗಳಲ್ಲಿ ಬಹಳ ಹೆಸರಾದವು ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ವಿಲ್ಲೋಬಿ ವ್ಯಾಲೇಸ್ ಹೂಪರ್ ಎಂಬಾತನು ತೆಗೆದವು. ನಿಲ್ಲಲು ಶಕ್ತಿಯಿಲ್ಲದ ಮನುಷ್ಯರನ್ನು ಅವುಗಳಲ್ಲಿ ಸಾಲಾಗಿ, ಅಚ್ಚುಕಟ್ಟಾಗಿ, ಮದುವೆಯ ಗುಂಪನ್ನು ಕೂರಿಸುವಂತೆ ಕೂರಿಸಿದೆ. ಚಿತ್ರ ತೆಗೆದುಕೊಂಡು ಅವರಿಗೆ ಅನ್ನ ಕೊಡದೆ ಕಳುಹಿಸಿದನೆಂಬ ಅಪವಾದವೂ ಅವನಿಗೆ ಬಂದಿತು. ಮತ್ತೊಂದು ಕಡೆ, ಇಂಗ್ಲೆಂಡಿನ ಜನರು ಲಂಡನ್ನಿನ ಮೇಯರನ ನಿಧಿಗೆ ಐದು ಲಕ್ಷ ಪೌಂಡಿಗೂ ಮಿಕ್ಕ ಹಣವನ್ನು ಕೂಡಿಸಿ ದಕ್ಷಿಣ ಹಿಂದೂಸ್ಥಾನಕ್ಕೆ ಕಳುಹಿಸಿದರು. ಇದೆಲ್ಲವೂ ಚಿತ್ರದ ಪ್ರಭಾವವೆನ್ನಲಾಗದು. ಮದರಾಸಿನಿಂದ ಹೋದ ತಂತಿಯೂ ಪತ್ರಿಕೆಗಳ ಬರಹವೂ ಅದಕ್ಕೆ ಮೊದಲೇ ಕೆಲಸ ಮಾಡಿದ್ದುವು. ಹಾಗೆಂದು ಅವರ ದಯೆಯನ್ನು ಅಲ್ಲಗಳೆಯಬೇಕಾಗಿಯೂ ಇಲ್ಲ. ನಮಗೆ ತೋರುವುದಿಷ್ಟೆ: ಆ ಚಿತ್ರಗಳಲ್ಲಿ ಹಸಿದವರು ಕಾಣುತ್ತಾರೆ, ಬಂದರಿನಿಂದ ಹೊರಡುವ ಧಾನ್ಯದ ಮೂಟೆಗಳು ಕಾಣುವುದಿಲ್ಲ. ಬರದ ಆ ವರ್ಷಗಳಲ್ಲಿಯೂ ಹಿಂದೂಸ್ಥಾನದಿಂದ ಧಾನ್ಯದ ರಫ್ತು ನಿಂತಿರಲಿಲ್ಲ. ಕರುಣೆ ಹುಟ್ಟಿಸುವ ಚಿತ್ರವು ‘ಅಯ್ಯೋ’ ಎನ್ನಿಸುತ್ತದೆ; ‘ಏಕೆ?’ ಎನ್ನಿಸುವುದು ಅಪರೂಪ.

ಅಪರೂಪವೆಂದೆವು, ಇಲ್ಲವೆನ್ನಲಿಲ್ಲ. ಒಂದನೆಯ ಮಹಾಯುದ್ಧವು ನಿಂತ ಮೇಲೂ ಬ್ರಿಟಿಷರ ನೌಕಾದಿಗ್ಬಂಧನವು ಮುಂದುವರಿದು, ಆಸ್ಟ್ರಿಯ ಮತ್ತು ಜರ್ಮನಿಯ ಮಕ್ಕಳು ಆಹಾರವಿಲ್ಲದೆ ಕೃಶರಾಗುತ್ತಿದ್ದರು. ಎಗ್ಲಂಟೈನ್ ಜೆಬ್ ಎಂಬ ಇಂಗ್ಲಿಷ್ ಮಹಿಳೆಯು 1919ರಲ್ಲಿ, ಬಡಕಲಾದ ಆಸ್ಟ್ರಿಯದ ಕೂಸೊಂದರ ಚಿತ್ರವುಳ್ಳ ಕರಪತ್ರವನ್ನು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಹಂಚಿದಳು. ನಿನ್ನೆಯವರೆಗೆ ಶತ್ರುಗಳಾಗಿದ್ದವರ ಮಗುವಿನ ಚಿತ್ರ! ಸರ್ಕಾರದ ಅನುಮತಿಯಿಲ್ಲದೆ ಹಂಚಿದುದಕ್ಕಾಗಿ ಆಕೆಯನ್ನು ಹಿಡಿದು, ಐದು ಪೌಂಡು ದಂಡ ಹಾಕಿದರು. ಆಕೆಗೆ ವಿರೋಧವಾಗಿ ವಾದಿಸಿದ ಸರ್ಕಾರಿ ವಕೀಲನೇ ಆ ಐದು ಪೌಂಡನ್ನು ಆಕೆಯ ಕೈಗೆ ಕೊಟ್ಟನೆಂದು ಹೇಳುವರು. ಅದೇ ವರ್ಷ ಮೇ 19ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕೂಡಿದ ಸಭೆಯಲ್ಲಿ ‘ಸೇವ್ ದಿ ಚಿಲ್ಡ್ರನ್’ ನಿಧಿಯು ಹುಟ್ಟಿತು. ಆ ಕರಪತ್ರವು ಹಣವನ್ನು ಮಾತ್ರ ಬೇಡಲಿಲ್ಲ. ದಿಗ್ಬಂಧನವೇ ಈ ಹಸಿವಿಗೆ ಕಾರಣವೆಂದು ಸಾರಿತು. ದಂಡ ಬಿದ್ದುದು ಅದರಿಂದಲೇ ಎಂದು ನಮ್ಮ ಊಹೆ. ಆಕೆಯು ಮುಂದೆ ಬರೆದ ಮಕ್ಕಳ ಹಕ್ಕುಗಳ ಘೋಷಣೆಯನ್ನು 1924ರಲ್ಲಿ ರಾಷ್ಟ್ರಸಂಘವು ಅಂಗೀಕರಿಸಿತು.

ನಮ್ಮ ದೇಶದಲ್ಲಿಯೂ ಹೀಗೊಂದು ನಿದರ್ಶನವಿದೆ. 1943ರ ಬಂಗಾಳದ ಕ್ಷಾಮವನ್ನು ಸರ್ಕಾರವು ಕ್ಷಾಮವೆಂದು ಒಪ್ಪಿಕೊಳ್ಳದೆ ಇದ್ದಾಗ, ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸನು ಆಗಸ್ಟ್ 22ರಂದು ಬೀದಿಯಲ್ಲಿ ಬಿದ್ದು ಸಾಯುತ್ತಿದ್ದವರ ಛಾಯಾಚಿತ್ರಗಳನ್ನು ಪ್ರಕಟಿಸಿದನು. ಚಿತ್ತಪ್ರಸಾದ ಎಂಬ ಕಲಾವಿದನು ಮೇದಿನೀಪುರದ ಹಳ್ಳಿಗಳಲ್ಲಿ ನಡೆದಾಡಿ ಬರೆದ ರೇಖಾಚಿತ್ರಗಳ ಪುಸ್ತಕವನ್ನು ಸರ್ಕಾರದವರು ಹಿಡಿದು ಸುಟ್ಟರು. ಚಿತ್ರವನ್ನು ಸುಡಬೇಕಾದರೆ ಅದಕ್ಕೆ ಹೆದರಿದ್ದರೆಂದಾಯಿತು. ಆದುದರಿಂದ ದುಃಖವನ್ನು ತೋರಿಸಲೇಬಾರದೆಂದು ಹೇಳುವ ಕೆಲವು ನಾಗರಿಕರ ಪಕ್ಷಕ್ಕೆ ನಾವು ಸೇರಿದವರಲ್ಲ. ಕಣ್ಣಿಗೆ ಹಿತವಾಗಿರಲೆಂದು ಹಸಿವನ್ನು ಮರೆಮಾಡುವುದು ಹೊಟ್ಟೆ ತುಂಬಿದವರಿಗೆ ಅನುಕೂಲವಾದ ಸಭ್ಯತೆ.

ಇಥಿಯೋಪಿಯದ 1984ರ ಕ್ಷಾಮದ ದೃಶ್ಯಗಳು ದೂರದರ್ಶನದಲ್ಲಿ ಬಂದು ಪಾಶ್ಚಾತ್ಯ ದೇಶಗಳಲ್ಲಿ ಅಪಾರವಾದ ಹಣ ಕೂಡಿದ ಮೇಲೆ, ಅಲ್ಲಿನ ಸೇವಾಸಂಸ್ಥೆಗಳಿಗೇ ತಮ್ಮ ಚಿತ್ರಗಳ ವಿಷಯದಲ್ಲಿ ಯೋಚನೆ ಹುಟ್ಟಿತು. ಇಡೀ ಆಫ್ರಿಕವೆಂದರೆ ನೊಣ ಮುತ್ತಿದ ಒಂದು ಕೂಸೆಂದು ತಮ್ಮ ದೇಶದ ಮಕ್ಕಳು ತಿಳಿದುಕೊಂಡುಬಿಟ್ಟರಲ್ಲಾ ಎಂದು. 1989ರಲ್ಲಿ ಯೂರೋಪಿನ ಸಂಸ್ಥೆಗಳು ಕೂಡಿ ಚಿತ್ರ ಮತ್ತು ಸಂದೇಶಗಳ ವಿಷಯವಾಗಿ ಒಂದು ನಿಯಮಾವಳಿಯನ್ನು ಮಾಡಿಕೊಂಡುವು. ನಿಯಮವೇನೋ ಆಯಿತು. ಆದರೆ ಹಣದ ಪೆಟ್ಟಿಗೆ ಬರಿದಾದಾಗ ಕಾರ್ಯದರ್ಶಿಯು ಯಾವ ಚಿತ್ರವನ್ನು ಆರಿಸುವನೆಂಬುದನ್ನು ಹೇಳಬೇಕೆ?

ಹೀಗೆ ಬಂದ ದಯೆಯು ಎಷ್ಟು ಕಾಲ ನಿಲ್ಲುತ್ತದೆಂಬುದೂ ವಿಚಾರಾರ್ಹ. 2015ರ ಸೆಪ್ಟೆಂಬರಿನಲ್ಲಿ, ಸಿರಿಯದಿಂದ ಓಡಿಬರುತ್ತಿದ್ದ ಕುಟುಂಬದ ಎರಡು ವರ್ಷದ ಬಾಲಕನೊಬ್ಬನ ಶವವು ತುರ್ಕಿಯ ಕಡಲತೀರದಲ್ಲಿ ಬೋರಲಾಗಿ ಬಿದ್ದಿದ್ದ ಚಿತ್ರವನ್ನು ಲೋಕವೆಲ್ಲವೂ ನೋಡಿತು. ಸಿರಿಯದಲ್ಲಿ ಲಕ್ಷಾಂತರ ಜನರು ಸತ್ತಿದ್ದರೂ ಅಲುಗದಿದ್ದ ಮನಸ್ಸು ಆ ಒಂದು ಚಿತ್ರಕ್ಕೆ ಅಲುಗಿತು. ಸ್ವೀಡನ್ ದೇಶದ ರೆಡ್ ಕ್ರಾಸ್ ಸಂಸ್ಥೆಯು ಸಿರಿಯದ ನಿರಾಶ್ರಿತರಿಗಾಗಿ ತೆರೆದಿದ್ದ ನಿಧಿಗೆ ದಿನವೊಂದಕ್ಕೆ ಬರುತ್ತಿದ್ದ ಕಾಣಿಕೆಗಳ ಸಂಖ್ಯೆಯು ಒಂದು ವಾರದಲ್ಲಿ ನೂರು ಪಾಲಿಗೂ ಮೇಲಾಯಿತೆಂದು, ಮೇಲೆ ಹೇಳಿದ ಸ್ಲೋವಿಕ್ ಮತ್ತು ಅವರ ಸಂಗಡಿಗರು ಲೆಕ್ಕ ಹಾಕಿದ್ದಾರೆ. ಆರು ವಾರಗಳು ಕಳೆಯುವುದರೊಳಗಾಗಿ ಆ ಪ್ರವಾಹವು ಇಳಿದುಹೋಗಿತ್ತು. ಆ ಕೆಲವು ವಾರಗಳಲ್ಲಿ ಯುದ್ಧವು ನಿಂತಿರಲಿಲ್ಲ.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಚಿತ್ರದ ಬೆಲೆಯನ್ನು ತೆರುವವರು ಯಾರು? ಕೊಡುವವನು ಐನೂರು ರೂಪಾಯಿ ತೆರುವನು, ಮರುದಿನ ಮರೆಯುವನು. ಸಂಸ್ಥೆಯವರು ಪ್ರಕಟಣೆಯ ಖರ್ಚನ್ನು ತೆರುವರು. ಉಳಿದುದನ್ನು ಚಿತ್ರದಲ್ಲಿರುವವರು ತೆರಬೇಕು, ಅದೂ ಕಂತಿನಲ್ಲಿ. ತಾಯಿಯ ಒಪ್ಪಿಗೆಯನ್ನು ಪಡೆದಿದ್ದೇವೆಂದು ಸಂಸ್ಥೆಯವರು ಹೇಳುವರು, ಸುಳ್ಳಲ್ಲ. ಆದರೆ ಮಗುವು ಹಾಸಿಗೆಯಲ್ಲಿ ಮಲಗಿರುವಾಗ ಮುಂದಿಟ್ಟ ಕಾಗದಕ್ಕೆ ರುಜು ಹಾಕೆನೆನ್ನುವ ತಾಯಿಯುಂಟೆ? ಆ ಗಳಿಗೆಯಲ್ಲಿ ಆಕೆಯನ್ನು ಏನು ಕೇಳಿದರೂ ಹೂಂ ಎನ್ನುವಳು. ಮಗುವನ್ನಂತೂ ಯಾರೂ ಕೇಳಲಿಲ್ಲ. ಬರ್ನಾರ್ಡೋನ ಕಾಲದಲ್ಲಿ ಅಚ್ಚಾದ ಕಾಗದವು ಹತ್ತು ವರ್ಷಕ್ಕೆ ಹರಿದುಹೋಗುತ್ತಿತ್ತು. ಈಗಿನ ಚಿತ್ರಕ್ಕೆ ಮುಪ್ಪಿಲ್ಲ. ಖಾಯಿಲೆ ವಾಸಿಯಾಗುತ್ತದೆ, ಚಿತ್ರದಲ್ಲಿ ಮಾತ್ರ ಮಗು ಎಂದೆಂದಿಗೂ ಸಾಯುತ್ತಲೇ ಇರುತ್ತದೆ.

ನಮ್ಮ ದೇಶದಲ್ಲಿ ಈ ಬಗ್ಗೆ ಏನೂ ಕಟ್ಟಳೆಯಿಲ್ಲವೆಂದಲ್ಲ. ಜಾಹೀರಾತುದಾರರು ತಾವೇ ಕಟ್ಟಿಕೊಂಡಿರುವ ಭಾರತೀಯ ಜಾಹೀರಾತು ಮಾನದಂಡ ಮಂಡಳಿಯು 2023ರಲ್ಲಿ ಧರ್ಮಕಾರ್ಯಗಳ ಪ್ರಕಟಣೆಗಳಿಗಾಗಿಯೇ ನಿಯಮಗಳನ್ನು ಹೊರಡಿಸಿತು. ಕೊಡದವರು ತಮ್ಮ ಕರ್ತವ್ಯಕ್ಕೆ ತಪ್ಪಿದವರು, ನಾಚಬೇಕಾದವರು ಎಂದು ಸೂಚಿಸಕೂಡದು. ಯಾತನೆಯ ಚಿತ್ರವನ್ನು ಹಸಿಹಸಿಯಾಗಿ ತೋರಿಸಿ ಕಷ್ಟದಲ್ಲಿರುವವರ ಮಾನವನ್ನು ಕಳೆಯಕೂಡದು. ನೋಡುವವರಿಗೆ ಸಂಕಟ ತರುವ ಚಿತ್ರಗಳನ್ನು ಮಸುಕುಮಾಡಿ, ಬೇಕೆಂದು ತೆರೆದವರಿಗೆ ಮಾತ್ರ ಕಾಣುವಂತೆ ಮಾಡಬೇಕು. ಒಳ್ಳೆಯ ನಿಯಮಗಳೇ. ಆದರೆ ಇವು ಸ್ವಂತ ಇಚ್ಛೆಯಿಂದ ಪಾಲಿಸುವ ನಿಯಮಗಳು. ಬಾಲನ್ಯಾಯದ 2015ರ ಕಾನೂನು, 74ನೆಯ ಪ್ರಕರಣದಲ್ಲಿ, ಸರ್ಕಾರದ ಪೋಷಣೆ ರಕ್ಷಣೆಗಳು ಬೇಕಾದ ಮಕ್ಕಳ ಗುರುತನ್ನು ಪತ್ರಿಕ ಮೊದಲಾದುವುಗಳಲ್ಲಿ ಬಯಲುಮಾಡುವುದನ್ನು ಅಪರಾಧವೆಂದು ಹೇಳುತ್ತದೆ. ತಂದೆತಾಯಿಗಳ ಮಡಿಲಲ್ಲಿಯೇ ಇರುವ ರೋಗಿಮಗುವಿಗೆ ಆ ರಕ್ಷೆಯು ನೇರವಾಗಿ ಒದಗುವುದಿಲ್ಲ.

ನಮ್ಮ ತಂದೆಯವರು ವಾರಾನ್ನದಲ್ಲಿ ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಎಲ್ಲ ಮನೆಗಳಲ್ಲಿಯೂ ಆದರವಿತ್ತೆಂದು ಅವರು ಹೇಳುತ್ತಿರಲಿಲ್ಲ. ಒಂದು ಮನೆಯಲ್ಲಿ ಎಲೆಯನ್ನು ಹಿತ್ತಲ ಬಾಗಿಲ ಬಳಿ ಹಾಕುತ್ತಿದ್ದುದನ್ನು ಎಂಬತ್ತನೆಯ ವಯಸ್ಸಿನಲ್ಲಿಯೂ ಅವರು ಮರೆತಿರಲಿಲ್ಲ. ಆದುದರಿಂದ ಹಳೆಯ ಕಾಲದ ದಾನದಲ್ಲಿ ಅವಮಾನವಿರಲಿಲ್ಲವೆಂದು ನಾವು ಹೊಗಳುವಂತಿಲ್ಲ. ಆದರೆ ಅನ್ನವಿಟ್ಟ ಮನೆಯವರಿಗೆ ಹುಡುಗನ ಹೆಸರು ಗೊತ್ತಿತ್ತು, ಪರೀಕ್ಷೆಯ ಫಲ ಗೊತ್ತಿತ್ತು. ಅವರು ಮುಂದೆ ಅಧಿಕಾರಿಯಾಗಿ ಆ ಊರಿಗೆ ಹೋದಾಗ, ಆ ಮುದುಕಿಯರು ಬಾಗಿಲಿಗೆ ಬಂದು ನೋಡಿ ಹಿಗ್ಗಿದರು. ಮೊಬೈಲಿನ ಚಿತ್ರಕ್ಕೆ ಹಣ ಕೊಟ್ಟ ನೂರಾರು ಮಂದಿಯಲ್ಲಿ, ಹೂವಿನಾಕೆಯ ಮೊಮ್ಮಗನು ಈಗ ಮರ ಹತ್ತುವನೆಂದು ಬಲ್ಲವರು ಎಷ್ಟು ಜನ?

ಹಾಗಾದರೆ ಕೊಡಬಾರದೆ ಎಂದು ವಾಚಕರು ಕೇಳಬಹುದು. ಕೊಡಬೇಕು. ಆ ಮಗು ಬದುಕಿದ್ದು ಕೊಟ್ಟವರಿಂದ. ನಮ್ಮ ಮನೆಯಲ್ಲಿ ಈಗ ನಾವು ಮಾಡಿಕೊಂಡಿರುವ ಏರ್ಪಾಡನ್ನು ಮಾತ್ರ ಹೇಳುತ್ತೇವೆ, ಸರಿಕಂಡವರು ಅನುಸರಿಸಬಹುದು. ಚಿತ್ರ ಕಂಡು ಮನಸ್ಸು ಕರಗಿದಾಗ ಕೊಡುವುದು ಒಂದಿರಲಿ, ಅದಲ್ಲದೆ ತಿಂಗಳ ಮೊದಲ ವಾರದಲ್ಲಿ, ಹಾಲಿನ ಲೆಕ್ಕ ತೀರಿಸುವಾಗಲೇ, ಒಂದು ಗೊತ್ತಾದ ಮೊತ್ತವನ್ನು ಬೇರೆ ತೆಗೆದಿಡುವುದು. ಅದು ನಮ್ಮ ಊರಿನ ಸಾರ್ವಜನಿಕ ಆಸ್ಪತ್ರೆಯ ಬಡರೋಗಿಗಳ ಔಷಧಕ್ಕೆ ಹೋಗುತ್ತದೆ; ಅಲ್ಲಿ ಯಾರೂ ಅತ್ತು ತೋರಿಸಬೇಕಾಗಿಲ್ಲ. ಮೊಬೈಲಿನಲ್ಲಿ ಯಾಚನೆ ಬಂದರೆ ಆಸ್ಪತ್ರೆಗೇ ಕರೆಮಾಡಿ ಮಗು ಅಲ್ಲಿರುವುದು ನಿಜವೆ ಎಂದು ವಿಚಾರಿಸಿ, ಸಾಧ್ಯವಾದರೆ ಆಸ್ಪತ್ರೆಯ ಲೆಕ್ಕಕ್ಕೇ ನೇರವಾಗಿ ಕಟ್ಟಿ ರಶೀದಿ ಪಡೆಯುವುದು. ಸ್ನೇಹಿತರಿಗೆ ತಿಳಿಸಬೇಕಾದಾಗ ಚಿತ್ರವನ್ನು ಕಳುಹಿಸದೆ, ನಾಲ್ಕು ಸಾಲು ನಾವೇ ಬರೆದು ಕಳುಹಿಸುವುದು. ನಾಲ್ಕು ಸಾಲಿಗೆ ಬರುವ ಹಣ ಕಡಿಮೆಯೆಂಬುದನ್ನು ಅನುಭವದಿಂದಲೇ ಹೇಳುತ್ತೇವೆ. ನಮ್ಮ ಸೊಸೆಯು ಈ ಕಟ್ಟುಪಾಡಿಗೆ ಪೂರ್ತಿಯಾಗಿ ಒಪ್ಪಿಲ್ಲ. ನಿಮ್ಮ ನಾಲ್ಕು ಸಾಲಿನಿಂದ ಹಣ ಹನ್ನೊಂದು ದಿನದಲ್ಲಿ ಕೂಡದೆ ಇಪ್ಪತ್ತು ದಿನವಾಗಿದ್ದರೆ ಆ ಹುಡುಗ ಉಳಿಯುತ್ತಿದ್ದನೆ ಮಾವ, ಎಂದು ಅವಳು ಕೇಳಿದಳು. ನಾವು ಉತ್ತರ ಹೇಳಲಿಲ್ಲ.

ಹೂವಿನಾಕೆಯ ಪರವಾಗಿ ನಾವು ಆ ಸಂಸ್ಥೆಗೆ ಒಂದು ಪತ್ರವನ್ನು ಬರೆದೆವು. ಮಗು ವಾಸಿಯಾಗಿ ಐದು ವರ್ಷವಾಯಿತು, ಶಾಲೆಗೆ ಹೋಗುತ್ತಾನೆ, ದಯವಿಟ್ಟು ಚಿತ್ರವನ್ನು ತೆಗೆದುಹಾಕಬೇಕು ಎಂದು. ತಿಂಗಳಾದ ಮೇಲೆ ವಿನಯವಾದ ಉತ್ತರವೇ ಬಂದಿತು. ತಮ್ಮ ಪುಟದಿಂದ ಚಿತ್ರವನ್ನು ತೆಗೆದುಹಾಕಿರುವುದಾಗಿಯೂ, ಜನರು ಒಬ್ಬರಿಂದೊಬ್ಬರಿಗೆ ಕಳುಹಿಸಿಕೊಂಡ ಪ್ರತಿಗಳ ವಿಷಯದಲ್ಲಿ ತಾವು ಏನೂ ಮಾಡಲಾರದ ಸ್ಥಿತಿಯಲ್ಲಿರುವುದಾಗಿಯೂ ಬರೆದಿದ್ದರು. ಹುಡುಗನಿಗೆ ಶುಭವನ್ನು ಕೋರಿದ್ದರು. ಬೆಳಗ್ಗೆ ಆಕೆ ಬಂದಾಗ ಅದನ್ನು ಓದಿ ಹೇಳಿದೆವು. “ಒಂದ್ ಕಡೆಯಿಂದಾನಾದ್ರೂ ಹೋಯ್ತಲ್ಲ ಸ್ವಾಮಿ” ಎಂದು ಹೇಳಿ, ಆಕೆ ಎರಡು ಮೊಳ ಸೇವಂತಿಗೆಯನ್ನು ಕತ್ತರಿಸಿ ಕೊಟ್ಟು, ಮುಂದಿನ ಮನೆಗೆ ಹೋದಳು.